ಬಸ್ಕಿ ಹೊಡೆದ್ರೆ ಓದಿದ್ದು ತಲೆಗೆ ಹತ್ತುತ್ತಾ?

ಇಯರ್‌ಫೋನ್ ಹಾಕ್ಕೊಂಡು ಕೂತಲ್ಲೇ ಕೇಳ್ತಿದ್ರೆ ಒಂದು ರಿಕ್ವೆಸ್ಟ್. ಎದ್ದು ನಡೀತಾ ಕೇಳಿ. ಯಾಕೆ ಅಂತ ಹೇಳ್ತೀನಿ.

ಗಣೇಶನ ಮುಂದೆ ಕೈ ಅಡ್ಡ ಮಾಡಿ, ಕಿವಿ ಹಿಡಿದು ಬಸ್ಕಿ ಹೊಡೆಯೋದು ನಮಗೆ ಹೊಸದಲ್ಲ. ಹೋಮ್‌ವರ್ಕ್ ಮಾಡದೆ ಹೋದಾಗ ಮೇಷ್ಟ್ರು ಹೊಡೆಸಿದ್ದೂ ಅದನ್ನೇ. ಈಗ ಅದೇ ಬಸ್ಕಿಗೆ 'ಸೂಪರ್ ಬ್ರೈನ್ ಯೋಗ' ಅನ್ನೋ ಹೆಸರು ಬಂದಿದೆ. ಪ್ರಾಣಿಕ್ ಹೀಲಿಂಗ್‌ನ ಚೋವಾ ಕೋಕ್ ಸುಯಿ ಈ ಹೆಸರಲ್ಲಿ ಪುಸ್ತಕವನ್ನೇ ಬರೆದರು. ಕಿವಿಯ ಹಾಲೆ ಒತ್ತಿದ್ರೆ ಮೆದುಳು ಚುರುಕಾಗುತ್ತೆ ಅನ್ನೋದು ವಾದ.

ಅಮೆರಿಕದ ಪಾಲ್ ಡೆನಿಸನ್ ಅವರ 'ಬ್ರೈನ್ ಜಿಮ್' ಕೂಡ ಇದೇ ಜಾತಿಯದ್ದು. ಬಲಗೈಯಿಂದ ಎಡ ಮೊಣಕಾಲು ಮುಟ್ಟು, ಕತ್ತಿನ ಕೆಳಗಿನ ಮೂಳೆಯ ಹತ್ತಿರ ಉಜ್ಜು, ಹೀಗೆ ಒಟ್ಟು 26 ಚಲನೆಗಳು. ಬ್ರಿಟನ್ನಿನ ನೂರಾರು ಶಾಲೆಗಳು ಇದನ್ನ ನಂಬಿದವು. ಈ ವಿವರಣೆಗಳಿಗೆ ಆಧಾರವಿಲ್ಲ ಅಂತ 2008ರಲ್ಲಿ ಅಲ್ಲಿನ ವಿಜ್ಞಾನಿಗಳೇ ಹೇಳಬೇಕಾಯ್ತು.

ಹಾಗಾದ್ರೆ ಬಸ್ಕಿ ವೇಸ್ಟಾ? ಅಲ್ಲ. ಕಿವಿ ಬಿಟ್ಟುಬಿಡಿ, ಕಾಲು ನೋಡಿ. ಬಸ್ಕಿ ಹೊಡೆದಾಗ ಎದೆಬಡಿತ ಏರುತ್ತಲ್ಲ, ವಿಷಯ ಇರೋದು ಅಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು-ಹತ್ತು ವರ್ಷದ ಮಕ್ಕಳು ಟ್ರೆಡ್‌ಮಿಲ್ ಮೇಲೆ 20 ನಿಮಿಷ ನಡೆದರು. ಆಮೇಲೆ ಗಮನದ ಪರೀಕ್ಷೆಯಲ್ಲೂ, ಓದಿ ಅರ್ಥ ಮಾಡಿಕೊಳ್ಳೋದರಲ್ಲೂ ಸುಮ್ಮನೆ ಕೂತ ದಿನಕ್ಕಿಂತ ಚೆನ್ನಾಗಿ ಮಾಡಿದರು. ಇದ್ದದ್ದು ಬರೀ 20 ಮಕ್ಕಳು, ಅದು ನೆನಪಿರಲಿ.

ನನಗೆ ಇನ್ನೂ ಮಜಾ ಅನ್ಸಿದ್ದು ನೆದರ್‌ಲ್ಯಾಂಡ್ಸ್‌ನ 2016ರ ಪ್ರಯೋಗ. 72 ಜನ ಯಾವ ಚಿತ್ರ ಎಲ್ಲಿತ್ತು ಅಂತ ಕಲಿತರು. ಕೆಲವರು ತಕ್ಷಣ ಸೈಕಲ್ ತುಳಿದರು, ಕೆಲವರು ನಾಲ್ಕು ಗಂಟೆ ಬಿಟ್ಟು, ಉಳಿದವರು ತುಳಿಯಲೇ ಇಲ್ಲ. ಎರಡು ದಿನದ ನಂತರ ಹೆಚ್ಚು ನೆನಪಿದ್ದದ್ದು ನಾಲ್ಕು ಗಂಟೆ ಬಿಟ್ಟು ತುಳಿದವರಿಗೆ. ತಕ್ಷಣ ತುಳಿದವರಿಗೆ ಅಂಥ ಲಾಭ ಕಾಣಲಿಲ್ಲ.

ಪರೀಕ್ಷೆಗೆ ಓದುವಾಗ, ಎದ್ದರೆ ಟೈಮ್ ವೇಸ್ಟ್ ಅಂದ್ಕೊಂಡಿದ್ದವನು ನಾನು. ಬ್ರೇಕ್ ಅಂದ್ರೆ ಕೂತಲ್ಲೇ ಫೋನ್. ಅರ್ಧ ಗಂಟೆ ಸ್ಕ್ರೋಲ್ ಮಾಡಿ ಪುಸ್ತಕ ತೆಗೆದ್ರೆ ಅದೇ ಸಾಲು ಮೂರು ಸಲ ಓದ್ಬೇಕಾಗ್ತಿತ್ತು. ಈಗ ಆ ಹೊತ್ತಲ್ಲಿ ಟೆರೇಸ್‌ಗೆ ಹೋಗಿ ಬಿರುಸಾಗಿ ನಡೀತೀನಿ. ಮಳೆ ಬಂದ್ರೆ ಮೆಟ್ಟಿಲು ಹತ್ತಿ ಇಳಿಯೋದು. ಓದೋದನ್ನ ಮಾತ್ರ ಇದು ತಪ್ಪಿಸಲ್ಲ, ವಾಪಸ್ ಬಂದು ಕೂರಲೇಬೇಕು.

ಮತ್ತೆ ಮೇಷ್ಟ್ರುಗಳೇ, ಬಸ್ಕಿಯನ್ನ ಶಿಕ್ಷೆ ಮಾಡಿ 'ಬುದ್ಧಿ ಬೆಳೆಯುತ್ತೆ' ಅನ್ನಬೇಡಿ ಪ್ಲೀಸ್. ಅವಮಾನ ಆದ ಮಗು ಮುಂದಿನ ಪೀರಿಯಡ್‌ನಲ್ಲಿ ಪಾಠ ಕೇಳಲ್ಲ.

ಹಾಂ, ನಡೀತಾ ಕೇಳ್ತಿರೋರು ರಸ್ತೆ ದಾಟುವಾಗ ನನ್ನನ್ನ ಒಂದು ನಿಮಿಷ ನಿಲ್ಲಿಸಿ.