ಆರ್‌ಸಿ ಇದ್ದರೆ ಸಾಕೇ?

ನಮ್ಮ ಮೌಳಂಗಿಯೂ ಮುಂಡಗೋಡದ ಟಿಬೆಟನ್ ಕ್ಯಾಂಪೂ ಒಂದೇ ಉತ್ತರ ಕನ್ನಡ ಜಿಲ್ಲೆಯವು. 1966ರಲ್ಲಿ ಶುರುವಾದ ಆ ಕ್ಯಾಂಪಿನ ಮೂರನೇ ತಲೆಮಾರು ಇಂದು ಗೋವಿನಜೋಳ ಬೆಳೆಯುತ್ತಿದೆ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಿದೆ. ಇಲ್ಲೇ ಹುಟ್ಟಿದವರನ್ನೂ ದೇಶ ಬಿಡಿಸಬಹುದೇ? ಅದು ಅವರ ಕೈಯಲ್ಲಿರುವ ಕಾಗದದ ಮೇಲೆ ನಿಂತಿದೆ.

ಮೊದಲ ಕಾಗದ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಇದು ಇಲ್ಲಿ ಇರಲು ಕೊಟ್ಟ ಅನುಮತಿಯೇ ಹೊರತು ಪೌರತ್ವವಲ್ಲ. ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಜಿಲ್ಲೆಯ ನೋಂದಣಿ ಅಧಿಕಾರಿ ಕಾರವಾರದ ಎಸ್‌ಪಿ. ಸ್ವೆಟರ್ ಸೀಸನ್ನಿಗೆ ತಿಂಗಳುಗಟ್ಟಲೆ ಹೊರಗಿರುವವರು ಹೊರಡುವ ಮುನ್ನ ಆ ತಾರೀಖನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಹುಟ್ಟಿದ ತಾರೀಖು. 1950 ಜನವರಿ 26ರಿಂದ 1987 ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು 1955ರ ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ನಮ್‌ಗ್ಯಾಲ್ ಡೋಲ್ಕರ್ ಎಂಬ ಟಿಬೆಟನ್ ಮಹಿಳೆಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2010ರಲ್ಲಿ ಇದನ್ನೇ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಹೇಳಿತು. 1987 ಜುಲೈ 1ರಿಂದ 2004 ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಅಂದರೆ ತಾಯಿ 1968ರಲ್ಲಿ ಮುಂಡಗೋಡದಲ್ಲಿ, ಮಗ 1995ರಲ್ಲಿ ಅಲ್ಲೇ ಹುಟ್ಟಿದ್ದರೆ ಇಬ್ಬರೂ ಭಾರತೀಯರು. ಅಮ್ಮನ ಜನನ ಪ್ರಮಾಣಪತ್ರ ಮಗನಿಗೂ ಬೇಕು. ಭಾರತೀಯರಾಗಿದ್ದೂ ವಿದೇಶಿಯರ ಪತ್ರವನ್ನೇ ನವೀಕರಿಸುತ್ತ ಕೂತವರನ್ನು ಏನೆನ್ನೋಣ!

ಭಾರತೀಯರನ್ನು ಮದುವೆಯಾದರೆ? ತಾಳಿ ಕಟ್ಟಿದ ದಿನವೇ ಪೌರತ್ವ ಬರುವುದಿಲ್ಲ. 7 ವರ್ಷ ಇಲ್ಲಿ ವಾಸವಿದ್ದು ಅರ್ಜಿ ಹಾಕಬೇಕು.

ದೇಶ ಬಿಡಿ ಎಂಬ ನೋಟಿಸು ಬಂದೇಬಿಟ್ಟರೆ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಬಹುದು. ರಿಟ್ ಎಂದರೆ ಸರ್ಕಾರದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ. ನಮ್ಮ ಜಿಲ್ಲೆಯವರಿಗೆ ಧಾರವಾಡ ಪೀಠವೇ ಹತ್ತಿರ. ಮೊದಲು ಕೇಳಬೇಕಾದದ್ದು ಸ್ಟೇ, ಅಂದರೆ ಆದೇಶಕ್ಕೆ ತಡೆ.

ಹೆಂಡತಿ ಮಕ್ಕಳಿದ್ದಾರೆ, ಅಂಗಡಿ ಇದೆ ಎಂದರೆ ನಡೆಯುತ್ತದೆಯೇ? ಅಷ್ಟನ್ನೇ ನಂಬಬೇಡಿ. ಬ್ರಿಟನ್ನಿನಲ್ಲಿ ಕುಟುಂಬ ಜೀವನವನ್ನೇ ಹಕ್ಕೆಂದು ವಾದಿಸಬಹುದು. ನಮ್ಮಲ್ಲಿ ಎಲ್ಲಿ ಬೇಕಾದರೂ ನೆಲೆಸುವ 19ನೇ ವಿಧಿಯ ಹಕ್ಕು ಪೌರರಿಗೆ ಮಾತ್ರ. 1937ರಿಂದ ಇಲ್ಲಿದ್ದ ವಿದೇಶಿ ಪಾದ್ರಿ ಲೂಯಿ ಡಿ ರೇಟ್ ಕೂಡ ದೇಶ ಬಿಡಿ ಎಂಬ ಆದೇಶದ ವಿರುದ್ಧ 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆದರೆ ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿ ವಿದೇಶಿಯರಿಗೂ ಉಂಟು. ಹಾಗಾಗಿ ‘ನನ್ನ ಮಾತು ಕೇಳದೆ ಆದೇಶ ಮಾಡಿದ್ದಾರೆ’ ಎಂದು ವಾದಿಸಬಹುದು. ಶಾಲೆಯ ದಾಖಲೆ, ಹಳೆಯ ಆರ್‌ಸಿಗಳು, ವ್ಯಾಪಾರದ ರಸೀದಿಗಳು ಆಗ ಕೆಲಸಕ್ಕೆ ಬರುತ್ತವೆ.

ಖರ್ಚು? ವಕೀಲರ ಫೀಸನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ನೋಟಿಸಿನ ಜೊತೆ ಅದು ಬಂದ ಲಕೋಟೆಯನ್ನೂ ಒಯ್ಯಿರಿ. ನೋಟಿಸು ಯಾವಾಗ ಅಂಚೆಗೆ ಬಿತ್ತು ಎಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆ ಸಾಕ್ಷಿ.