ಪಂಪುಮನೆಯ ಗೋಡೆಯನ್ನು ದಾಟುವ ವಿದ್ಯುತ್ತಂತಿಗಳ ರಕ್ಷಣೆ

1902ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿಯು ಈಗ ಹೊಲದ ಬಾವಿಯವರೆಗೂ ಬಂದಿರುವುದು. ಪಂಪನ್ನು ಕೊಳ್ಳುವಾಗ ಅದರ ಅಶ್ವಶಕ್ತಿ, ಬೆಲೆ, ಅದು ಎತ್ತುವ ನೀರಿನ ಪ್ರಮಾಣ ಇವುಗಳನ್ನು ಜಮೀನುದಾರರು ಚೆನ್ನಾಗಿ ವಿಚಾರಿಸುತ್ತಾರೆ. ತಂತಿಯು ಪಂಪುಮನೆಯ ಗೋಡೆಯೊಳಗೆ ಹಾದುಹೋಗುವ ಒಂದೆರಡು ಗೇಣುಗಳ ದೂರವನ್ನು ಮಾತ್ರ ವಿಚಾರಿಸುವವರು ವಿರಳ. ಹಾರೆಯಿಂದ ರಂಧ್ರವನ್ನು ಮಾಡಿ, ತಂತಿಯನ್ನು ತೂರಿಸಿ, ಸಂದಿಗೆ ಮಣ್ಣು ಮೆತ್ತಿದರೆ ಕೆಲಸವು ಮುಗಿಯಿತೆಂದು ಅನೇಕರು ಭಾವಿಸುವರು.

ಮೋಟಾರು ತಿರುಗುವಾಗ ಗೋಡೆಯೂ ತಂತಿಯೂ ಸೂಕ್ಷ್ಮವಾಗಿ ಅದುರುತ್ತವೆ. ಕಲ್ಲಿನ ಅಂಚು ತಂತಿಯ ಹೊದಿಕೆಯನ್ನು ದಿನದಿನಕ್ಕೂ ಸವೆಸುವುದು. ಇಲಿ ಹೆಗ್ಗಣಗಳು ಅದನ್ನು ಕಡಿಯುವುವು. ಮಳೆಗಾಲದಲ್ಲಿ ತಂತಿಯ ಗುಂಟ ಇಳಿದ ನೀರು ರಂಧ್ರವನ್ನು ಸೇರಿ ಗೋಡೆಯನ್ನು ತೋಯಿಸುವುದು. ಹರಿದ ಹೊದಿಕೆಗೆ ತೋಯ್ದ ಗೋಡೆಯು ತಗುಲಿದರೆ, ಅದಕ್ಕೆ ಒರಗಿದ ಆಳಿಗೂ, ತಗಡಿನ ಬಾಗಿಲಿಗೆ ಮೈಯುಜ್ಜಿದ ಎತ್ತಿಗೂ ಆಘಾತವಾಗಬಹುದು. ಮೂರು ಫೇಸುಗಳ ಪಂಪಿನಲ್ಲಿ ಫೇಸು ಫೇಸುಗಳ ನಡುವೆ 415 ವೋಲ್ಟುಗಳು, ಒಂದು ಫೇಸಿಗೂ ನೆಲಕ್ಕೂ ನಡುವೆ ಸುಮಾರು 240 ವೋಲ್ಟುಗಳು ಇರುತ್ತವೆ. ಕೆಸರಿನಲ್ಲಿ ಬರಿಗಾಲಿನಿಂದ ನಿಂತವನ ಪ್ರಾಣಕ್ಕೆ ಇವುಗಳಲ್ಲಿ ಚಿಕ್ಕದೇ ಸಾಕು.

ಆದಕಾರಣ ತಂತಿಗಳನ್ನು ಸತುವಿನ ಲೇಪವುಳ್ಳ ಉಕ್ಕಿನ ಕಾಂಡೂಯಿಟ್ ಕೊಳವೆಯಲ್ಲಿ ಗೋಡೆ ದಾಟಿಸತಕ್ಕದ್ದು. ಕೊಳವೆಯು ಗೋಡೆಯ ಎರಡು ಪಕ್ಕಗಳಲ್ಲಿಯೂ ಎರಡೆರಡು ಬೆರಳಿನಷ್ಟು ಹೊರಚಾಚಿರಬೇಕು. ನೀರು ಒಳಗೆ ಬಾರದಂತೆ ಹೊರಮುಖವಾಗಿ ಸ್ವಲ್ಪ ಇಳಿಜಾರಾಗಿರಬೇಕು. ಗರಗಸದಿಂದ ಕತ್ತರಿಸಿದ ಕೊಳವೆಯ ಬಾಯಿ ಕತ್ತಿಯಂತೆ ಹರಿತವಾಗಿರುವುದು. ಅದನ್ನು ಅರದಿಂದ ಉಜ್ಜಿ ನಯಮಾಡಿ, ಎರಡು ತುದಿಗಳಿಗೂ ಬುಷ್ ತೊಡಿಸದಿದ್ದರೆ, ರಕ್ಷಣೆಗೆಂದು ತಂದ ಕೊಳವೆಯೇ ತಂತಿಯನ್ನು ಕೊಯ್ಯುವುದು. ಅವಸರದ ಕೆಲಸಗಾರರು ಬಿಟ್ಟುಬಿಡುವುದು ಇದನ್ನೇ. ಕೊಳವೆಯೊಳಗೆ ತಂತಿಗೆ ಗಂಟುಹಾಕಿ ಜೋಡಿಸಕೂಡದು. ಒಳಗಿನ ಅವಕಾಶದಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ತಂತಿಗಳು ತುಂಬಬಾರದು. ಇಲ್ಲವಾದರೆ ಎಳೆಯುವಾಗಲೇ ಹೊದಿಕೆ ಹರಿಯುವುದು, ಕಾವೂ ಹೊರಹೋಗದು. ಹೊರಗಡೆ ತಂತಿಯನ್ನು ಕೊಳವೆಯ ಬಾಯಿಗಿಂತ ಕೆಳಕ್ಕೆ ಬಾಗಿಸಿ ಮೇಲೆ ತಂದರೆ ಮಳೆಯ ಹನಿಗಳು ಆ ಬಾಗಿನಲ್ಲಿಯೇ ತೊಟ್ಟಿಕ್ಕುವುವು.

ಕೆಲವರು ಮೂರು ಫೇಸುಗಳಿಗೆ ಮೂರು ಬೇರೆ ಬೇರೆ ಉಕ್ಕಿನ ಕೊಳವೆಗಳನ್ನು ಹಾಕಿ ಹೆಚ್ಚಿನ ಭದ್ರತೆಯಾಯಿತೆಂದು ತಿಳಿಯುವುದುಂಟು. ಇದು ತಪ್ಪು. ಪರ್ಯಾಯ ಪ್ರವಾಹವಿರುವ ಪ್ರತಿಯೊಂದು ತಂತಿಯ ಸುತ್ತಲೂ ಕಾಂತಕ್ಷೇತ್ರವು ಉಂಟಾಗುವುದು. ಒಂದೇ ಮಂಡಲದ ತಂತಿಗಳೆಲ್ಲವೂ ಒಟ್ಟಿಗಿದ್ದಾಗ ಈ ಕ್ಷೇತ್ರಗಳು ಒಂದನ್ನೊಂದು ರದ್ದುಮಾಡುವುವು. ಒಂಟಿಯಾಗಿ ಹೋದ ತಂತಿಯಾದರೋ ತನ್ನ ಉಕ್ಕಿನ ಕೊಳವೆಯನ್ನೇ ಕಾಯಿಸುವುದು. ಆದ್ದರಿಂದ ಮೂರನ್ನೂ, ನ್ಯೂಟ್ರಲ್ ಇದ್ದಲ್ಲಿ ಅದನ್ನೂ, ಒಂದೇ ಕೊಳವೆಯಲ್ಲಿ ಒಯ್ಯತಕ್ಕದ್ದು.

ಎಲ್ಲಕ್ಕಿಂತಲೂ ಮುಖ್ಯವಾದದ್ದು ಭೂಸಂಪರ್ಕ. ಒಳಗಿನ ತಂತಿಯ ಹೊದಿಕೆ ಕೆಟ್ಟರೆ ಲೋಹದ ಕೊಳವೆಯೆಲ್ಲವೂ ಸಜೀವ ತಂತಿಯಾಗುವುದು. ಕೊಳವೆಯನ್ನು ಅರ್ತಿಂಗ್ ತಂತಿಗೆ ಭದ್ರವಾಗಿ ಸೇರಿಸಿದ್ದರೆ ಪ್ರವಾಹವು ನೆಲಕ್ಕೆ ಹರಿದು ಫ್ಯೂಸು ಕರಗಬೇಕು. ಆದರೆ ಭೂಸಂಪರ್ಕದ ಪ್ರತಿರೋಧವು 10 ಓಮುಗಳಾದರೆ 240 ವೋಲ್ಟುಗಳಿಂದ ಹರಿಯುವುದು ಹೆಚ್ಚೆಂದರೆ 24 ಆಂಪಿಯರುಗಳು. ಫ್ಯೂಸು ಪದೇ ಪದೇ ಹೋಗುವುದೆಂದು ಬೇಸತ್ತು ದಪ್ಪ ತಂತಿಯನ್ನು ಕಟ್ಟಿರುವ ಕಡೆ ಅದು ಎಂದಿಗೂ ಕರಗದು. ಕೊಳವೆಯು ಸಜೀವವಾಗಿಯೇ ಉಳಿಯುವುದು. ಬೇಸಗೆಯಲ್ಲಿ ನೆಲವೊಣಗಿದಷ್ಟೂ ಪ್ರತಿರೋಧವು ಏರುವುದರಿಂದ ಅರ್ತಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. 30 ಮಿಲಿ ಆಂಪಿಯರುಗಳಷ್ಟು ಸೋರಿಕೆಗೇ ಪ್ರವಾಹವನ್ನು ಕಡಿದುಹಾಕುವ ಸಾಧನವನ್ನೂ ಅಳವಡಿಸಿದರೆ ಮನುಷ್ಯರ ಪ್ರಾಣಕ್ಕೆ ಹೆಚ್ಚಿನ ರಕ್ಷೆ ದೊರೆಯುವುದು.

ಸರಿಯಾದ ಭೂಸಂಪರ್ಕವನ್ನು ಮಾಡಲಾಗದ ಕಡೆ ಪಿವಿಸಿ ಕೊಳವೆಯೇ ಮೇಲು. ಗುದ್ದಲಿ ಹಾರೆಗಳ ಪೆಟ್ಟನ್ನು ಅದು ಉಕ್ಕಿನಷ್ಟು ತಾಳದು, ಆದರೆ ಸ್ವತಃ ವಿದ್ಯುತ್ತನ್ನು ಒಯ್ಯದು.

ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸತಕ್ಕದ್ದು. ಮುಂಗಾರಿಗೆ ಮೊದಲು ಪ್ರತಿವರ್ಷವೂ, ಮುಖ್ಯ ಸ್ವಿಚ್ಚನ್ನು ತೆಗೆಸಿದ ಮೇಲೆ, ಬುಷ್‌ಗಳೂ ಅರ್ತಿಂಗ್ ಜೋಡಣೆಯೂ ಕೊಳವೆಯ ಸುತ್ತಲಿನ ಗಾರೆಯೂ ಭದ್ರವಾಗಿವೆಯೇ ಎಂದು ಅವನಿಂದ ನೋಡಿಸಬೇಕು. ಗೋಡೆಯನ್ನೋ ಪಂಪನ್ನೋ ಮುಟ್ಟಿದಾಗ ಕೈ ಜುಮ್ಮೆಂದಿತೆಂದು ಆಳು ಹೇಳಿದರೆ, ಅದು ರಿಪೇರಿಯಾಗುವವರೆಗೆ ಪಂಪನ್ನು ನಡೆಯಿಸಕೂಡದು.