ಬೆಂಕಿಗೆ ಮರಳುವ ಪಾತ್ರೆಗಳು

ಕೋಲಾರ ದಾಟಿ ಮುಳಬಾಗಿಲಿನತ್ತ ಸಾಗಿದರೆ ದೇವರಾಯಸಮುದ್ರದ ಸುತ್ತ ಬಂಡೆಗಳದೇ ರಾಜ್ಯ. ಮಧ್ಯಾಹ್ನ ಬೂದಿಬಣ್ಣ, ಇಳಿಹೊತ್ತಿಗೆ ಕೆಂಬಣ್ಣ. ಗುಡ್ಡಗಳ ಬುಡದಲ್ಲಿ ರಾಗಿ ಹೊಲ, ಮಾವಿನ ತೋಪು, ಕೋಲು ನೆಟ್ಟು ಎತ್ತಿ ಕಟ್ಟಿದ ಟೊಮೆಟೊ ಸಾಲು. ಸುಗ್ಗಿಯಲ್ಲಿ ವಡ್ಡಹಳ್ಳಿ ಮಾರುಕಟ್ಟೆಯ ಕಡೆಗೆ ಕ್ರೇಟು ಹೇರಿದ ಗಾಡಿಗಳು ಒಂದರ ಹಿಂದೊಂದು. ಹುಣಸೆ, ಟೊಮೆಟೊ, ಬಸಿದ ಕಾಳಿನ ಕಟ್ಟು, ಮೇಲೊಂದು ಒಗ್ಗರಣೆ: ಈ ಸೀಮೆಯ ಮುದ್ದೆಗೆ ಹುಳಿ ಬೇಕೇ ಬೇಕು. ಯಾವ ಪಾತ್ರೆಯಲ್ಲಿ ಏನು ಬೇಯಿಸಬೇಕೆಂದು ಇಲ್ಲಿ ತೀರ್ಮಾನಿಸುವುದೂ ಆ ಹುಳಿಯೇ.

ಬರಿ ತಾಮ್ರ, ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಲೋಹ ಸಾರಿಗಿಳಿಯುತ್ತದೆ. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಕಲಾಯಿ. ನೆಲದಲ್ಲಿ ತೋಡಿದ ಸಣ್ಣ ಗುಂಡಿ, ಅದರಲ್ಲಿ ಇದ್ದಿಲು, ಬದಿಯಲ್ಲಿ ಕೈಯಿಂದ ತಿರುಗಿಸುವ ಗಾಳಿಚಕ್ರ. ತಿಕ್ಕಿ ತೊಳೆದ ತಪ್ಪಲೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ನಿಧಾನವಾಗಿ ಸುತ್ತಿಸುತ್ತಾರೆ. ಕಾದ ಮೈಗೆ ನವಸಾಗರ ಉದುರಿಸಿದೊಡನೆ ಬಿಳಿ ಹೊಗೆ ಏಳುತ್ತದೆ, ಘಾಟು ಗಂಟಲಿಗೆ ಹತ್ತುತ್ತದೆ. ಆಗ ತವರದ ಕಡ್ಡಿಯನ್ನು ಮುಟ್ಟಿಸಬೇಕು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಹತ್ತಿಯ ಉಂಡೆಯಿಂದ ಸರ್ರನೆ ಸವರಿದರೆ ಕರಗಿದ ತವರ ಒಳಮೈಯನ್ನೆಲ್ಲ ಆವರಿಸಿ ಬೆಳ್ಳಗೆ ಹೊಳೆಯುತ್ತದೆ. ನೀರಿಗೆ ಅದ್ದಿದಾಗ ಚುಂಯ್ ಎಂಬ ಸದ್ದು. ಕೆಲಸ ಮುಗಿಯಿತು. ಸವೆದಾಗ ಮತ್ತೆ ಇದೇ ಬೆಂಕಿ, ಇದೇ ತವರ; ಪಾತ್ರೆ ಮಾತ್ರ ಅಜ್ಜಿಯಿಂದ ಮೊಮ್ಮಗಳಿಗೆ ಬಂದಿರುತ್ತದೆ.

ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಬೆಂಕಿಗೆ ಇನ್ನೊಂದು ಕೆಲಸ. ಕಲ್ಲಿನ ವಿಗ್ರಹಗಳಿಗೆ ಹೆಸರಾದ ಈ ಊರಲ್ಲಿ ಲೋಹದ ಎರಕವೂ ಉಂಟು. ಮೊದಲು ಮೇಣದಲ್ಲಿ ರೂಪ ತಿದ್ದುತ್ತಾರೆ. ಅದಕ್ಕೆ ನುಣ್ಣನೆಯ ಮಣ್ಣಿನ ಲೇಪ, ಅದರ ಮೇಲೆ ಒರಟು ಮಣ್ಣು. ಕಾಯಿಸಿದಾಗ ಮೇಣ ಹರಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಮೂಸೆಯಿಂದ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಎರಕ. ಮಿಕ್ಕ ಲೋಹ ಮತ್ತೆ ಮೂಸೆಗೆ ಹೋಗುತ್ತದೆ. ದೇವರ ಬೆರಳನ್ನು ಮೂಡಿಸಬಲ್ಲ ಈ ಕೈಗಳಿಗೆ ಅಂಗೈಗೆ ಹೊಂದುವ ಸೌಟಿನ ಹಿಡಿ ಅಸಾಧ್ಯವೇನಲ್ಲ.

ಹೊಸ ಕಾಲದ ವಿನ್ಯಾಸಕಾರರಿಗೆ ಇಲ್ಲಿ ನಿಜವಾದ ಕೆಲಸ ಕಾದಿದೆ. ಕೆಂಡದ ಒಲೆಗೆಂದು ಹುಟ್ಟಿದ ಉರುಟು ತಳ ಗ್ಯಾಸ್ ಒಲೆಯ ಮೇಲೆ ಓಲಾಡುತ್ತದೆ. ಇಂಡಕ್ಷನ್ ಒಲೆ ಕಬ್ಬಿಣವನ್ನು ಕಾಯಿಸುತ್ತದೆ; ಮನೆಬಳಕೆಯ ಸಾಮಾನ್ಯ ಇಂಡಕ್ಷನ್ ಒಲೆಗೆ ಬರಿ ತಾಮ್ರ, ಹಿತ್ತಾಳೆ ಒಗ್ಗುವುದಿಲ್ಲ. ತಳ ಸಮತಟ್ಟಾಗಬೇಕು, ತೂಕ ಇಳಿಯಬೇಕು, ಹಿಡಿ ರಿವೆಟ್ಟಿನಲ್ಲಿ ಕೂರಬೇಕು, ಸಡಿಲವಾದರೆ ಮತ್ತೆ ಬಡಿದು ಬಿಗಿ ಮಾಡುವಂತಿರಬೇಕು. ಮುಳಬಾಗಿಲು ದೋಸೆಯ ಗರಿಗರಿ ಅಂಚಿಗೆ ದಪ್ಪ ಕಬ್ಬಿಣದ ಹೆಂಚು ಎಷ್ಟು ಮುಖ್ಯವೆಂದು ಅಲ್ಲಿಯ ಹೋಟೆಲಿನವರನ್ನು ಕೇಳಬೇಕು. ಎಣ್ಣೆ ಕುಡಿದು ಕುಡಿದು ಪಳಗಿದ ಹೆಂಚು ವರ್ಷ ಕಳೆದಷ್ಟೂ ದೋಸೆಯನ್ನು ಸಲೀಸಾಗಿ ಬಿಡುತ್ತದೆ. ನಾನ್‌ಸ್ಟಿಕ್ ತವಾದ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ. ಒಮ್ಮೆ ಕಿತ್ತುಬಂದರೆ ಅದಕ್ಕೆ ಕಲಾಯಿ ಹಾಕಿಕೊಡುವವರು ಯಾವ ಬೀದಿಯಲ್ಲೂ ಸಿಗುವುದಿಲ್ಲ.

ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರರು ತಾಮ್ರ, ಹಿತ್ತಾಳೆ ಬಡಿದು ಪಾತ್ರೆ ಮಾಡುವ ಕಸುಬನ್ನು ಯುನೆಸ್ಕೊ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದೇ. ಆದರೆ ಕಸುಬು ಉಳಿಯುವುದು ದಿನವೂ ಒಲೆ ಏರುವ ಪಾತ್ರೆಯಿಂದ. ನಗರದ ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಹಿತ್ತಾಳೆ ತಪ್ಪಲೆ ಕೊಳ್ಳುವ ಮನೆಗೆ ಅದರ ಮುಂದಿನ ಕಲಾಯಿ ಎಲ್ಲಿ ಎಂಬುದು ಗೊತ್ತಿರುವುದಿಲ್ಲ. ತವರ ಸವೆದ ದಿನ ಪಾತ್ರೆ ಶೋಕೇಸು ಸೇರುತ್ತದೆ, ಕಲಾಯಿಯವರ ಗುಂಡಿ ತಣ್ಣಗಾಗುತ್ತದೆ. ಆದ್ದರಿಂದ ಪಾತ್ರೆಯ ನಕ್ಷೆ ಬರೆಯುವಾಗಲೇ ಎರಕದವರನ್ನೂ ಕಲಾಯಿಯವರನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ಮಾರುವವರು ದುರಸ್ತಿಯ ಹೊಣೆಯನ್ನೂ ಹೊರಬೇಕು. ಕೊಳ್ಳುವ ನಾವು ಆ ದುಡಿಮೆಗೆ ಚೌಕಾಸಿ ಮಾಡದೆ ಕೂಲಿ ಕೊಡಬೇಕು. ಹಾಗಾದರೆ ಮಾತ್ರ ಪಾತ್ರೆಯ ಬಾಳಿಕೆ ಅದನ್ನು ಮಾಡಿದವರ ಬಾಳಿಗೂ ಆಸರೆಯಾಗುತ್ತದೆ.